ಇಪ್ಪತ್ತು ಬೋರಿನ ತೋಟಾ ಹಳದಿ ಯಾಕೆ?

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ನೆಲೆಸಿದ ನಮ್ಮ ಜಿಲ್ಲೆಯ ಹುಡುಗರು ಬಾತುಕೋಳಿ ಮತ್ತು ಟರ್ಕಿ ಕೋಳಿಯ ಶಿಕಾರಿಗೆ ಎಂಥ ಸೆಮಿ ಆಟೊಮ್ಯಾಟಿಕ್ ಕೋವಿ ಕೊಳ್ಳಬೇಕು ಎಂಬ ಲೇಖನ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದಿದೆ. ಬರೆದವರ ಉತ್ಸಾಹ ಮೆಚ್ಚುವಂಥದ್ದೇ. ಆದರೆ ನಡುವೆ ಒಂದು ಮಾತು ನುಸುಳಿದೆ: ಹನ್ನೆರಡು ಬೋರಿನ ತೋಟಾ ಮುಗಿದರೆ ಇಪ್ಪತ್ತು ಬೋರಿನದನ್ನೂ ಅದೇ ಕೋವಿಗೆ ಹಾಕಿ ಹೊಡೆಯಬಹುದಂತೆ. ಉಳಿದ ತಪ್ಪುಗಳನ್ನು ನಕ್ಕು ಬಿಡಬಹುದಿತ್ತು, ಇದನ್ನು ಬಿಡಲಾಗದು.

ಬೋರ್ ಎಂದರೆ ನಳಿಗೆಯ ಒಳಗಿನ ಅಳತೆ, ಅಂಕಿ ಹೆಚ್ಚಿದಷ್ಟೂ ನಳಿಗೆ ಸಪೂರ. ಹಾಗಾಗಿ ಇಪ್ಪತ್ತು ಬೋರಿನ ತೋಟಾ ಹನ್ನೆರಡಕ್ಕಿಂತ ಸಪೂರ. ಹನ್ನೆರಡು ಬೋರಿನ ಕೋವಿಗೆ ಹಾಕಿದರೆ ಅದು ಗೂಡಿನಲ್ಲಿ, ಎಂದರೆ ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗದಲ್ಲಿ, ನಿಲ್ಲುವುದಿಲ್ಲ. ಮುಂದಕ್ಕೆ ಜಾರಿ, ಗೂಡು ಮುಗಿದು ನಳಿಗೆ ಕಿರಿದಾಗುವ ಜಾಗದಲ್ಲಿ ಅದರ ಹಿತ್ತಾಳೆ ಅಂಚು ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದವನಿಗೆ ಗೂಡು ಖಾಲಿ ಕಾಣುತ್ತದೆ. ಅದರ ಹಿಂದೆ ಹನ್ನೆರಡು ಬೋರಿನ ತೋಟಾ ಸಲೀಸಾಗಿ ಕೂರುತ್ತದೆ, ಗೂಡಿನ ಹಿಂಬಾಗಿಲಾದ ಬೋಲ್ಟ್ ಮುಚ್ಚುತ್ತದೆ. ಟ್ರಿಗರ್ ಎಳೆದರೆ ಮುಂದಿನ ದಾರಿ ಕಟ್ಟಿರುವುದರಿಂದ ಒತ್ತಡಕ್ಕೆ ನಳಿಗೆ ಸಿಡಿಯುತ್ತದೆ, ಅದೂ ಎಡಗೈ ಹಿಡಿದಿರುವ ಜಾಗದ ಆಸುಪಾಸಿನಲ್ಲಿ. ಇದನ್ನು ತಪ್ಪಿಸಲೆಂದೇ ಅಮೆರಿಕದ ತಯಾರಕರು ಇಪ್ಪತ್ತು ಬೋರಿನ ತೋಟಾಕ್ಕೆ ಹಳದಿ ಬಣ್ಣ ಮೀಸಲಿಟ್ಟಿದ್ದಾರೆ. ಮನೆಯಲ್ಲಿ ಎರಡೂ ಬೋರಿನ ಕೋವಿ ಇದ್ದವರು ಒಂದೇ ಜಾಕೆಟ್ಟಿನ ಜೇಬಿನಲ್ಲಿ ಎರಡೂ ಬಗೆಯ ತೋಟಾ ಇಟ್ಟುಕೊಳ್ಳಬಾರದು. ಕತ್ತಲೆಯ ಬೆಳಗಿನ ಜಾವ, ಕೈ ಮರಗಟ್ಟಿರುವಾಗ, ಬಣ್ಣ ಕಾಣುವುದಿಲ್ಲ.

ಇದೇ ಜಾತಿಯ ಇನ್ನೊಂದು ತಪ್ಪು ತೋಟಾದ ಉದ್ದದ್ದು. ಪೆಟ್ಟಿಗೆಯ ಮೇಲೆ ಬರೆದ 2¾ ಇಂಚು, 3 ಇಂಚು, 3½ ಇಂಚು ಎಂಬುದು ತೋಟಾ ಹಾರಿ ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಹಾರಿಸುವ ಮೊದಲು ಬಾಯಿ ಮಡಚಿರುವುದರಿಂದ 3 ಇಂಚಿನ ತೋಟಾ 2¾ ಇಂಚಿನ ಗೂಡಿನಲ್ಲಿ ಯಾವ ಅಡ್ಡಿಯೂ ಇಲ್ಲದೆ ಕೂರಬಹುದು. ಹಾರಿಸಿದಾಗ ಬಿಚ್ಚಿಕೊಳ್ಳಲು ಜಾಗ ಸಾಲದೆ ಬಾಯಿ ಕಿರಿದಾಗಿ ಒತ್ತಡ ಏರುತ್ತದೆ. ಕೂತಿತು ಎಂದ ಮಾತ್ರಕ್ಕೆ ಹಾರಿಸಬಹುದು ಎಂದಲ್ಲ. ನಳಿಗೆಯ ಪಕ್ಕದಲ್ಲಿ ಕೆತ್ತಿರುವ ಅಂಕಿಯನ್ನೇ ನಂಬಬೇಕು.

ಮುಂದುವರಿಯುವ ಮೊದಲು ಇಲ್ಲಿಯ ಓದುಗರಿಗೆ ಎರಡು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮಲ್ಲಿ ಕಾಡುಬಾತಿಗಾಗಲಿ ಹೆಬ್ಬಾತಿಗಾಗಲಿ ಕೋವಿ ಎತ್ತುವಂತಿಲ್ಲ. ಮುಂಡಗೋಡದ ಅತ್ತಿವೇರಿ ಪಕ್ಷಿಧಾಮದಲ್ಲಿ ಇಳಿಯುವ ಹಕ್ಕಿಯೂ ಒಂದೇ, ನಿಮ್ಮ ಗದ್ದೆಯ ಪಕ್ಕದ ಕೆರೆಯ ಸಿಳ್ಳೆಬಾತೂ ಒಂದೇ. ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಗೂ ಸೇರಿದೆ. ಇನ್ನು ಸೆಮಿ ಆಟೊ ಕೋವಿ ಬೆಳೆ ರಕ್ಷಣೆಗೆ ಸಿಗುವ ಸಾಮಾನ್ಯ ಪರವಾನಗಿಯ ಪಟ್ಟಿಯಲ್ಲಿ ಬರುವಂಥದ್ದಲ್ಲ. ಅಲ್ಲಿಂದ ಬರುವಾಗ ಒಂದು ತಂದುಕೊಡು ಎಂದು ಮಗನಿಗೋ ಅಳಿಯನಿಗೋ ಹೇಳುವವರು ಈ ಆಸೆ ಬಿಡುವುದು ಒಳ್ಳೆಯದು. ನಮ್ಮ ಒಂಟಿ ನಳಿಗೆ, ಜೋಡು ನಳಿಗೆ ಕೋವಿಗಳೇ ಚುನಾವಣೆ ಬಂತೆಂದರೆ ಠಾಣೆಯಲ್ಲಿ ಕೂರುತ್ತವೆ, ಆ ಗೋಳು ಬೇರೆ. ಹಾಗಾಗಿ ಮುಂದಿನದ್ದೆಲ್ಲ ಆ ದೇಶದ ಕಾನೂನಿನಡಿ, ಅಲ್ಲಿ ಶಿಕಾರಿ ಮಾಡುವವರಿಗೆ.

ಲೇಖನದಲ್ಲಿ ಟ್ರಿಗರ್ ಒತ್ತಿ ಹಿಡಿದರೆ ಗುಂಡಿನ ಮಳೆ ಸುರಿಯುತ್ತದೆ ಎಂದಿದೆ. ಸೆಮಿ ಆಟೊ ಎಂದರೆ ಅದಲ್ಲ. ಒಂದು ಸಲ ಎಳೆದರೆ ಒಂದೇ ಈಡು. ಖಾಲಿ ತೋಟಾ ಹೊರಗೆಸೆದು ಹೊಸದನ್ನು ಗೂಡಿಗೆ ತರುವ ಕೆಲಸವನ್ನಷ್ಟೇ ಕೋವಿ ತಾನೇ ಮಾಡಿಕೊಳ್ಳುತ್ತದೆ. ಮುಂದಿನ ಈಡಿಗೆ ಬೆರಳು ಬಿಟ್ಟು ಮತ್ತೆ ಎಳೆಯಲೇಬೇಕು.

ಈ ಕೆಲಸಕ್ಕೆ ಬಲ ಎಲ್ಲಿಂದ ಬರುತ್ತದೆ ಎಂಬುದರ ಮೇಲೆ ಕೋವಿಯ ಗುಣ, ರೋಗ ಎರಡೂ ನಿಂತಿವೆ. ಹಳೆಯದು ಜಾನ್ ಬ್ರೌನಿಂಗ್ ರೂಪಿಸಿದ ಆಟೊ-5ರ ಪದ್ಧತಿ. ನಳಿಗೆಯೂ ಬೋಲ್ಟೂ ಜೊತೆಯಾಗಿ ಹಿಂದಕ್ಕೆ ಸರಿದು ಮರಳುತ್ತವೆ. ಬೆನ್ನಿನಲ್ಲಿ ಗೂನಿರುವ ಈ ಕೋವಿ ಇಂದಿಗೂ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಕೊಳ್ಳುವವರು ನಳಿಗೆಯ ಕೆಳಗೆ ಎಡಗೈ ಹಿಡಿಯುವ ಮುಂಗೈ ಹಿಡಿ ಬಿಚ್ಚಿ ಒಳಗಿನ ಉಂಗುರಗಳನ್ನು ನೋಡಲೇಬೇಕು. ಭಾರದ ತೋಟಾಕ್ಕೆ ಉಕ್ಕಿನ ಉಂಗುರ ಸ್ಪ್ರಿಂಗಿನ ಮುಂದೆ, ಕಂಚಿನ ಬಿರಿಗೆ (ಬ್ರೇಕಿಗೆ) ತಾಗಿಕೊಂಡಿರಬೇಕು. ಹಗುರ ತೋಟಾಕ್ಕೆ ಅದೇ ಉಂಗುರ ಸ್ಪ್ರಿಂಗಿನ ಹಿಂದೆ ಹೋಗುತ್ತದೆ. ಹಗುರದ ಜೋಡಣೆಯಲ್ಲಿ ಭಾರದ ತೋಟಾ ಹೊಡೆಯುತ್ತ ಹೋದರೆ ನಳಿಗೆ ಬಂದು ಗುದ್ದುವ ರಭಸಕ್ಕೆ ಮರದ ಹಿಡಿ ಸೀಳುತ್ತದೆ. ಬೆಲ್ಜಿಯಂನಲ್ಲಿ ತಯಾರಾದ ಹಳೆಯ ನಳಿಗೆಗಳಿಗೆ ಉಕ್ಕಿನ ಚರೆ (ತೋಟಾದೊಳಗಿನ ಸಣ್ಣ ಗುಂಡು) ಹಾಕಬಾರದೆಂದು ಕಂಪನಿಯೇ ಹೇಳಿದೆ. ಅಲ್ಲಿ ಬಾತಿಗೆ ಸೀಸದ ಚರೆ ನಿಷೇಧ, ಹಾಗಾಗಿ ಉಕ್ಕು ಹೊಡೆಯುವವರಿಗೆ ಅವು ಅಲ್ಲಿಗೇ ಮುಗಿದವು.

ಎರಡನೆಯದು ಗ್ಯಾಸಿನ ಪದ್ಧತಿ. ನಳಿಗೆಯ ಸಣ್ಣ ತೂತಿನಿಂದ ಸ್ವಲ್ಪ ಹೊಗೆ ಇಳಿದು ಪಿಸ್ಟನ್ ತಳ್ಳುತ್ತದೆ. ರೆಮಿಂಗ್ಟನ್ 1100 ಇದನ್ನು 1963ರಿಂದ ಜನಪ್ರಿಯ ಮಾಡಿತು. ಬೆರೆಟಾ ಎ300, ಎ400, ವಿಂಚೆಸ್ಟರ್ ಎಸ್‌ಎಕ್ಸ್4, ಮಾಸ್‌ಬರ್ಗ್ 940 ಎಲ್ಲ ಇದೇ ಕುಲ. ಒದೆತವನ್ನು ತುಸು ಹೆಚ್ಚು ಹೊತ್ತಿಗೆ ಹರಡುವುದರಿಂದ ಹೆಗಲಿಗೆ ಮೆತ್ತಗೆ. ಮೂರನೆಯದು ಇನರ್ಷಿಯಾ (ಜಡತ್ವ) ಪದ್ಧತಿ, ಬೆನೆಲ್ಲಿ ಕಂಪನಿಯಿಂದ ಹೆಸರಾದದ್ದು. ಬೋಲ್ಟಿನ ಒಳಗೆ ಒಂದು ಗಿಡ್ಡ ಗಟ್ಟಿ ಸ್ಪ್ರಿಂಗ್ ಇದೆ. ಈಡು ಹಾರಿದಾಗ ಕೋವಿ ಹಿಂದಕ್ಕೆ ಜಿಗಿಯುತ್ತದೆ, ಬೋಲ್ಟಿನ ಭಾರ ಮಾತ್ರ ಇದ್ದಲ್ಲೇ ಉಳಿಯಲು ನೋಡುತ್ತದೆ. ನಡುವೆ ಸಿಕ್ಕಿದ ಸ್ಪ್ರಿಂಗ್ ಕುಗ್ಗಿ ಹಿಗ್ಗುವಾಗ ಬೋಲ್ಟ್ ಹಿಂದೆ ಹಾರುತ್ತದೆ. ಬಸ್ಸು ಗಕ್ಕನೆ ಹೊರಟಾಗ ನಿಂತವರು ಹಿಂದಕ್ಕೆ ಮಾಲುವ ತತ್ವವೇ ಇದು. ಹೊಗೆ ಒಳಗೆ ಬರುವುದಿಲ್ಲ, ಹಾಗಾಗಿ ಮಸಿ ಕಡಿಮೆ. ಕೋವಿ ಹಗುರ, ಮುಂಗೈ ಹಿಡಿ ಸಪೂರ. ಹಗುರವಾದದ್ದಕ್ಕೆ ಒದೆತ ಜಾಸ್ತಿ.

ಗ್ಯಾಸು, ಇನರ್ಷಿಯಾ ಎರಡರಲ್ಲಿ ಯಾವುದು ಎಂಬ ಪ್ರಶ್ನೆಗೆ ಲೇಖಕರು ಬ್ರ್ಯಾಂಡಿನ ಹೆಸರು ಕೊಟ್ಟು ಮುಗಿಸಿದ್ದಾರೆ. ನನ್ನ ಪ್ರಕಾರ ಕೇಳಬೇಕಾದ್ದು ಬೇರೆ. ವರ್ಷಕ್ಕೆ ಹತ್ತು ದಿನ ಕೆಸರು, ಮಳೆಯಲ್ಲಿ ಬಾತಿಗೆ ಹೋಗಿ ಕೋವಿಯನ್ನು ಹಾಗೇ ಮೂಲೆಗೆ ಒರಗಿಸುವ ಸ್ವಭಾವದವರಿಗೆ ಇನರ್ಷಿಯಾ. ಮಧ್ಯೆ ಗುರಿಯ ಅಭ್ಯಾಸಕ್ಕೆ ಹಾರಿಬಿಡುವ ಮಣ್ಣಿನ ತಟ್ಟೆಗೂ ಹೊಡೆಯುವವರು, ಸಪೂರ ಮೈಯವರು, ಹೆಗಲು ನೋವಿನವರು, ವಾರಕ್ಕೊಮ್ಮೆ ಪಿಸ್ಟನ್ ಒರೆಸುವ ತಾಳ್ಮೆ ಇದ್ದವರು ಗ್ಯಾಸು ನೋಡಲಿ. ಬೆಲೆಯ ಏಣಿಯಲ್ಲಿ ಮೇಲಿನ ಮೆಟ್ಟಿಲೇ ಬೇಕೆಂದಿಲ್ಲ. ಫ್ರಾಂಕಿ, ಸ್ಟೋಗರ್‌ನಂಥ ಅಗ್ಗದ ಇನರ್ಷಿಯಾ ಕೋವಿಗಳೂ ಇವೆ.

3½ ಇಂಚಿನ ಗೂಡು ಇದ್ದರೆ ಎಲ್ಲ ತೋಟಾವೂ ಆಗುತ್ತದಲ್ಲ, ಅದನ್ನೇ ಕೊಳ್ಳಿ ಎಂಬ ಸಲಹೆಗೆ ನನ್ನ ಒಪ್ಪಿಗೆ ಇಲ್ಲ. ಬೆನೆಲ್ಲಿಯ 3½ ಇಂಚಿನ ಸೂಪರ್ ಬ್ಲ್ಯಾಕ್ ಈಗಲ್ 1991ರಲ್ಲಿ ಬಂದಾಗ ಅದಕ್ಕೊಂದು ಕಾರಣವಿತ್ತು. ಅಮೆರಿಕದಲ್ಲಿ ಅದೇ ಹೊತ್ತಿಗೆ ನೀರುಹಕ್ಕಿ ಶಿಕಾರಿಗೆ ಸೀಸದ ಚರೆ ದೇಶಾದ್ಯಂತ ನಿಷೇಧವಾಯಿತು. ಬಾತು ಅಕ್ಕಿ, ಜೊಂಡಿನ ಬೀಜ ಅರೆಯಲು ಕಲ್ಲುಹರಳು ನುಂಗುತ್ತದೆ. ಕೆಸರಿನಲ್ಲಿ ಬಿದ್ದ ಚರೆಯನ್ನೂ ಹರಳೆಂದೇ ನುಂಗಿ ಸೀಸದ ವಿಷವೇರಿ ಸಾಯುತ್ತಿತ್ತು. ಉಕ್ಕು ಸೀಸಕ್ಕಿಂತ ಹಗುರ, ಸಾಂದ್ರತೆ 7.8, ಸೀಸದ್ದು 11ರ ಮೇಲೆ. ಅಷ್ಟೇ ತೂಕದ ಉಕ್ಕಿನ ಚರೆಗೆ ಜಾಗ ಹೆಚ್ಚು ಬೇಕು, ಅದಕ್ಕೇ ಉದ್ದ ತೋಟಾ. ಈಗ ಉಕ್ಕಿನ ತೋಟಾಗಳೂ ಸುಧಾರಿಸಿವೆ, ಬಿಸ್ಮತ್ತು ಬಂದಿದೆ, ಟಂಗ್‌ಸ್ಟನ್ ಬಂದಿದೆ. 3 ಇಂಚಿನ ತೋಟಾದಲ್ಲಿ ಒಂದೂಕಾಲು ಔನ್ಸ್, ಎಂದರೆ ಸುಮಾರು 35 ಗ್ರಾಂ ಉಕ್ಕು ಸೆಕೆಂಡಿಗೆ 1,400ರಿಂದ 1,500 ಅಡಿ ವೇಗದಲ್ಲಿ ಹೊರಟರೆ ಬಾತಿಗೆ ಧಾರಾಳ ಸಾಕು. 3½ ಇಂಚಿನ ಕೋವಿಗೆ ಹೆಚ್ಚು ದುಡ್ಡು ಕೊಟ್ಟು, ಉದ್ದ ಬೋಲ್ಟ್ ಹೊತ್ತು, ಹೆಗಲು ನೋಯಿಸಿಕೊಳ್ಳುವುದು ದೊಡ್ಡ ಹೆಬ್ಬಾತನ್ನು ದೂರದಿಂದಲೇ ಹೊಡೆಯಬೇಕೆನ್ನುವವರಿಗೆ ಮಾತ್ರ. ಇಂಥ ಕೋವಿಗಳಲ್ಲಿ ಎಷ್ಟೋ ಮಾದರಿ ಹಗುರ 2¾ ಇಂಚಿನ ತೋಟಾ ಹಾಕಿದಾಗ ಬೋಲ್ಟನ್ನು ಪೂರ್ತಿ ಹಿಂದೆ ತಳ್ಳಲಾರದೆ ಖಾಲಿ ತೋಟಾವನ್ನು ಬಾಯಲ್ಲೇ ಕಚ್ಚಿಕೊಳ್ಳುತ್ತವೆ.

ಚರೆಯ ನಂಬರಿನಲ್ಲೂ ಗೊಂದಲ ಇದೆ. ಅಮೆರಿಕದ ಲೆಕ್ಕದಲ್ಲಿ 17ರಿಂದ ನಂಬರು ಕಳೆದರೆ ಬರುವುದೇ ಇಂಚಿನ ನೂರನೇ ಭಾಗದಲ್ಲಿ ಚರೆಯ ದಪ್ಪ. 2ನೇ ನಂಬರು 0.15 ಇಂಚು, 4ನೆಯದು 0.13. ನಮ್ಮಲ್ಲಿ ಬಂದದ್ದು ಇಂಗ್ಲಿಷರ ನಂಬರು. ಅಲ್ಲಿ 4ನೇ ನಂಬರೆಂದರೆ 3.1 ಮಿಲಿಮೀಟರು, ಅಮೆರಿಕದ 4 ಎಂದರೆ 3.3. ಊರಿನ ಅಭ್ಯಾಸದಲ್ಲಿ ನಂಬರು ಹೇಳಿ ತೋಟಾ ತಂದರೆ ಬೇರೆಯದೇ ಸಿಗುತ್ತದೆ. ಸೀಸಕ್ಕೆ ಹೋಲಿಸಿದರೆ ಉಕ್ಕಿನಲ್ಲಿ ಎರಡು ನಂಬರು ದಪ್ಪ ಹೋಗಬೇಕು ಎಂಬುದು ಹಳೆಯ ಲೆಕ್ಕ, ಈಗಲೂ ಸರಿ. ಸೀಸದ 4 ಸಾಕಾಗುತ್ತಿದ್ದ ಕಡೆ ಉಕ್ಕಿನ 2. ಸಣ್ಣ ಬಾತಿಗೆ, ಹತ್ತಿರದ ಈಡಿಗೆ 4, ದೊಡ್ಡ ಬಾತಿಗೆ 2 ಅಥವಾ 3, ಹೆಬ್ಬಾತಿಗೆ ಬಿಬಿ ಎಂಬ ಇನ್ನೂ ದಪ್ಪ ಚರೆ. ಉಕ್ಕಿನ ಈಡನ್ನು 40 ಗಜಕ್ಕಿಂತ, ಸುಮಾರು 37 ಮೀಟರಿಗಿಂತ ದೂರಕ್ಕೆ ಹೊಡೆಯದೇ ಇರುವುದು ಮರ್ಯಾದೆ. ಅಲ್ಲಿಂದ ಮುಂದೆ ಹಕ್ಕಿ ಬೀಳುವುದಕ್ಕಿಂತ ಗಾಯಗೊಂಡು ಹಾರಿಹೋಗುವುದೇ ಹೆಚ್ಚು.

ಇನ್ನು ಚೋಕ್. ಲೇಖನದಲ್ಲಿ ಇದಕ್ಕೆ ಎರಡೇ ಸಾಲು ಸಿಕ್ಕಿದೆ, ನನ್ನ ಮಟ್ಟಿಗೆ ಬಾತು ಮತ್ತು ಟರ್ಕಿ ಎರಡಕ್ಕೂ ಒಂದೇ ಕೋವಿ ಆಗುವುದು ಇದರಿಂದಲೇ. ಅಡಿಕೆಗೆ ಕೊಳೆಮದ್ದು ಹೊಡೆಯುವ ನಾಝಲ್ ತಿರುಗಿಸಿದರೆ ಹನಿ ಹರಡುತ್ತದೆ, ಇಲ್ಲವೇ ಉದ್ದಕ್ಕೆ ಚಿಮ್ಮುತ್ತದೆ. ಚೋಕ್ ಅಂಥದ್ದೇ, ನಳಿಗೆಯ ತುದಿಯನ್ನು ಕಿರಿದು ಮಾಡುವ ಬಿಚ್ಚಿಹಾಕುವ ಕೊಳವೆ. ಹನ್ನೆರಡು ಬೋರಿನ ನಳಿಗೆಯ ಒಳಗಿನ ಅಳತೆ 0.729 ಇಂಚು. ಇಂಪ್ರೂವ್ಡ್ ಸಿಲಿಂಡರ್ ಎಂಬ ಸಡಿಲ ಚೋಕ್ ಅದನ್ನು ಸುಮಾರು 0.010 ಇಂಚು ಕಿರಿದು ಮಾಡುತ್ತದೆ, ಮಾಡಿಫೈಡ್ 0.020ರ ಸುಮಾರು, ಫುಲ್ 0.035ರಿಂದ 0.040. ಟರ್ಕಿಯ ಚೋಕ್ ಇನ್ನೂ ಬಿಗಿ, ಬಾಯಿ 0.660 ಇಂಚಿನ ಆಸುಪಾಸು.

ಸೀಸ ಮೆದು, ಬಿಗಿ ಜಾಗದಲ್ಲಿ ಹಿಸುಕಿಕೊಂಡು ಹೋಗುತ್ತದೆ. ಉಕ್ಕು ಹಿಸುಕುವುದಿಲ್ಲ. ದಪ್ಪ ಉಕ್ಕಿನ ಚರೆಯನ್ನು ಬಿಗಿ ಚೋಕಿನಿಂದ ಹೊಡೆದರೆ ಚೋಕ್ ಉಬ್ಬಿ ನಳಿಗೆಯಿಂದ ಬಿಚ್ಚಲು ಬಾರದಂತೆ ಕಚ್ಚಿಕೊಳ್ಳುತ್ತದೆ, ಕೆಲವೊಮ್ಮೆ ನಳಿಗೆಯ ತುದಿಯೂ ಉಬ್ಬುತ್ತದೆ. ಆದ್ದರಿಂದ ಉಕ್ಕಿಗೆ ಮಾಡಿಫೈಡ್ ಸಾಕು. ಉಕ್ಕಿನ ಚರೆ ನಳಿಗೆಯಲ್ಲಿ ಸೊಟ್ಟಗಾಗದೆ ಗುಂಡಗೇ ಉಳಿಯುವುದರಿಂದ ಒಟ್ಟಾಗಿ ಹೋಗುತ್ತದೆ. ಸೀಸಕ್ಕೆ ಫುಲ್ ಕೊಡುವ ಬಿಗಿ ಉಕ್ಕಿಗೆ ಮಾಡಿಫೈಡಿನಲ್ಲೇ ಸಿಗುತ್ತದೆ. ಟರ್ಕಿಯ ಚೋಕ್ ಹಾಕಿಟ್ಟ ಕೋವಿಯನ್ನು ಮರೆತು ಬಾತಿಗೆ ಒಯ್ಯುವುದು ಎರಡಕ್ಕೂ ಒಂದೇ ಕೋವಿ ಇಟ್ಟುಕೊಂಡವರು ಮಾಡುವ ಮಾಮೂಲಿ ತಪ್ಪು. ಹೊರಡುವ ಹಿಂದಿನ ರಾತ್ರಿ ಚೋಕ್ ಬಿಚ್ಚಿ, ಮೇಲೆ ಕೆತ್ತಿದ್ದನ್ನು ಓದಿ, ಮರೆಗೆ (ತಿರುಪಿನ ಎಳೆಗೆ) ಗ್ರೀಸ್ ಸವರಿ ತಿರುಗಿಸಿ ಹಾಕಬೇಕು. ಹೊಡೆಯುವ ನಡುವೆ ಅದು ಸಡಿಲಾಗುತ್ತದೆ. ಪೆಟ್ಟಿಗೆ ತೋಟಾಕ್ಕೆ ಒಮ್ಮೆಯಾದರೂ ಕೋವಿ ಖಾಲಿ ಮಾಡಿ, ಬೋಲ್ಟ್ ತೆರೆದು, ಬಿಗಿ ನೋಡಬೇಕು. ಒಂದು ಕಂಪನಿಯ ಮರೆ ಇನ್ನೊಂದಕ್ಕೆ ಹೊಂದುವುದಿಲ್ಲ. ಬ್ರೌನಿಂಗಿನ ಇನ್ವೆಕ್ಟರ್ ಪ್ಲಸ್, ಬೆರೆಟಾದ ಮೊಬಿಲ್‌ಚೋಕ್, ರೆಮಿಂಗ್ಟನ್ನಿನ ರೆಮ್‌ಚೋಕ್ ಬೇರೆ ಬೇರೆ. ಒತ್ತಾಯದಿಂದ ಹೊಂದಿಸಲು ಹೋದರೆ ಮರೆ ಕೆಡುತ್ತದೆ.

ಚೋಕಿನ ಮೇಲೆ ಕೆತ್ತಿದ ಹೆಸರನ್ನು ಕಣ್ಣುಮುಚ್ಚಿ ನಂಬಬಾರದು. ಪ್ರತಿ ಕೋವಿ, ಪ್ರತಿ ತೋಟಾ ಬೇರೆ. ಸುಮಾರು ನಾಲ್ಕಡಿ ಚದರದ ದೊಡ್ಡ ಹಾಳೆಯನ್ನು 40 ಗಜ ದೂರ ಕಟ್ಟಿ ನಡುವಿನ ಗುರುತಿಗೆ ಒಂದು ಈಡು ಹೊಡೆಯಿರಿ. ಚರೆ ದಟ್ಟವಾಗಿ ಬಿದ್ದ ಜಾಗಕ್ಕೆ 30 ಇಂಚು ಅಡ್ಡಳತೆಯ ವೃತ್ತ ಎಳೆದು ಒಳಗಿನ ತೂತು ಎಣಿಸಿ. 2ನೇ ನಂಬರು ಉಕ್ಕು ಔನ್ಸಿಗೆ 125 ಬರುತ್ತದೆ, ಒಂದೂಕಾಲು ಔನ್ಸಿನ ತೋಟಾದಲ್ಲಿ 156. ಅದರಲ್ಲಿ 90ರ ಹತ್ತಿರ ವೃತ್ತದೊಳಗೆ ಬಿದ್ದಿದ್ದರೆ ಬಾತಿಗೆ ಆ ಜೋಡಿ ಸರಿ. ಒಂದೇ ಹಾಳೆ ನೋಡಿ ತೀರ್ಮಾನಿಸಬೇಡಿ, ಕನಿಷ್ಠ ಮೂರು ಹೊಡೆಯಿರಿ. ಎಣಿಕೆಯಷ್ಟೇ ಮುಖ್ಯ ಜಾಗ. ಮೂರೂ ಹಾಳೆಯಲ್ಲಿ ದಟ್ಟಣೆ ಗುರುತಿನ ಎಡಕ್ಕೋ ಮೇಲಕ್ಕೋ ಬಿದ್ದಿದ್ದರೆ ತಪ್ಪು ಹೆಚ್ಚಾಗಿ ಚೋಕಿನದಲ್ಲ, ಕೋವಿ ನಿಮ್ಮ ಹೆಗಲಿಗೆ ಕೂರುತ್ತಿಲ್ಲ.

ಟರ್ಕಿಗೆ ಲೆಕ್ಕವೇ ಬೇರೆ. ಹಾರುವ ಬಾತಿನ ಜೊತೆ ಕೋವಿ ಬೀಸಿ ಹೊಡೆದರೆ, ನೆಲದಲ್ಲಿ ನಿಂತ ಟರ್ಕಿಗೆ ರೈಫಲಿನ ಹಾಗೆ ಗುರಿ ಇಡಬೇಕು, ಅದೂ ತಲೆ ಮತ್ತು ಕುತ್ತಿಗೆಗೆ ಮಾತ್ರ. ಮೈಗೆ ಹೊಡೆದರೆ ದಪ್ಪ ಗರಿ, ಎದೆಯ ಮಾಂಸ ಚರೆ ತಡೆದು ಹಕ್ಕಿ ಓಡಿಹೋಗುತ್ತದೆ. ಇಲ್ಲಿ 10 ಇಂಚಿನ ವೃತ್ತ ಸಾಕು, ಅದರಲ್ಲಿ ಸುಮಾರು ನೂರು ಚರೆ ಬೀಳುವ ದೂರವೇ ನಿಮ್ಮ ಕೋವಿಯ ಎಲ್ಲೆ. 30 ಗಜಕ್ಕೇ ನೂರು ಬೀಳದಿದ್ದರೆ 40ಕ್ಕೆ ಹೊಡೆಯುವ ಮಾತೇ ಇಲ್ಲ. ಸೀಸದ 5ನೇ ನಂಬರು ಔನ್ಸಿಗೆ 170, ಒಂದೂಮುಕ್ಕಾಲು ಔನ್ಸಿನ ತೋಟಾದಲ್ಲಿ ಮುನ್ನೂರರ ಹತ್ತಿರ. ಈಚೆಗೆ ಬಂದಿರುವ 18 ಸಾಂದ್ರತೆಯ ಟಂಗ್‌ಸ್ಟನ್ ಚರೆಯಲ್ಲಿ 9ನೇ ನಂಬರಿನ ಕಾಳು ಸಾಸಿವೆಯಷ್ಟೇ ಇದ್ದರೂ ಕೆಲಸ ಮಾಡುತ್ತದೆ, ಔನ್ಸಿಗೆ 360ರ ಸುಮಾರು ಬರುತ್ತದೆ. ಇದರಿಂದ ಇಪ್ಪತ್ತು ಬೋರಿನ ಹಗುರ ಸೆಮಿ ಆಟೊ ಕೂಡ ಟರ್ಕಿಗೆ ಪೂರ್ಣ ಯೋಗ್ಯವಾಗಿದೆ. ಒಂದೊಂದು ತೋಟಾ ತುಂಬ ದುಬಾರಿ, ಆದರೆ ಟರ್ಕಿಗೆ ಇಡೀ ಹಂಗಾಮಿನಲ್ಲಿ ಎರಡು ಮೂರು ಈಡು ಹಾರಿದರೆ ಹೆಚ್ಚು. ಆ ತೋಟಾಕ್ಕೆ ನಡೆಯುತ್ತದೆಂದು ತಯಾರಕರು ಹೇಳಿದ ಚೋಕನ್ನೇ ಹಾಕಬೇಕು.

ಎರಡಕ್ಕೂ ಒಂದೇ ಕೋವಿ ಎಂದರೆ ನಳಿಗೆ 26 ಇಂಚು ತೆಗೆದುಕೊಳ್ಳಿ. ಬಾತಿಗೆ 28 ಚೆನ್ನ, ಬೀಸು ನಯವಾಗಿ ಸಾಗುತ್ತದೆ. ಟರ್ಕಿಗೆ ಮರಕ್ಕೊರಗಿ ಮೊಣಕಾಲ ಮೇಲೆ ಕೋವಿ ಇಟ್ಟು ಕೂರಬೇಕಾದ್ದರಿಂದ 24 ಅನುಕೂಲ. ನಮ್ಮ ಜೋಡು ನಳಿಗೆ ಬಳಸಿದವರು ನೆನಪಿಡಬೇಕಾದ್ದು, ಸೆಮಿ ಆಟೊದಲ್ಲಿ ಬೋಲ್ಟ್ ಓಡಾಡುವ ಪೆಟ್ಟಿಗೆಯೇ ನಾಲ್ಕು ಇಂಚಿನಷ್ಟು ಹೆಚ್ಚು ಉದ್ದ. 26 ಇಂಚಿನದೂ ಕೈಯಲ್ಲಿ 30 ಇಂಚಿನ ಜೋಡು ನಳಿಗೆಯಷ್ಟು ಉದ್ದವಾಗಿರುತ್ತದೆ.

ಅಂಗಡಿಯಲ್ಲಿ ನೋಡಬೇಕಾದ ಮುಖ್ಯ ವಿಷಯ ಹೆಗಲಿಗೆ ಕೂರುವುದು. ಅಲ್ಲಿಯ ಕೋವಿಯಲ್ಲಿ ಟ್ರಿಗರಿನಿಂದ ಹಿಡಿಯ ಹಿಂದಿನ ರಬ್ಬರಿನವರೆಗೆ 14ರಿಂದ 14⅜ ಇಂಚು ಇರುತ್ತದೆ. ಐದೂಕಾಲು, ಐದೂವರೆ ಅಡಿಯ ನಮ್ಮವರಿಗೆ ಇದು ಉದ್ದವಾಗುವುದೇ ಹೆಚ್ಚು. ಅದರ ಮೇಲೆ ಚಳಿಯ ದಪ್ಪ ಜಾಕೆಟ್ ಬಂದರೆ ರಬ್ಬರು ಕಂಕುಳಲ್ಲಿ ಸಿಕ್ಕಿಕೊಂಡು ಕೋವಿ ಮೇಲೇಳುವಷ್ಟರಲ್ಲಿ ಬಾತು ಹೋಗಿರುತ್ತದೆ. ಆ ಜಾಕೆಟ್ ಹಾಕಿಕೊಂಡೇ ಅಂಗಡಿಗೆ ಹೋಗಿ. ಕೋವಿ ಖಾಲಿ ಎಂದು ಖಾತ್ರಿ ಮಾಡಿಕೊಂಡು, ಅಂಗಡಿಯವರನ್ನು ಕೇಳಿ, ಸುರಕ್ಷಿತ ದಿಕ್ಕಿಗೆ ಕಣ್ಣುಮುಚ್ಚಿ ಹೆಗಲಿಗೇರಿಸಿ ಕಣ್ಣು ತೆರೆಯಿರಿ. ತುದಿಯ ಮಣಿ ಕಣ್ಣಿಗೆ ನೇರ ಸಿಗಬೇಕು. ಕೋವಿಯ ಬೆನ್ನೇ ಅಡ್ಡ ಬಂದು ಮಣಿ ಕಾಣದಿದ್ದರೆ ಕೆನ್ನೆ ತಗ್ಗಿನಲ್ಲಿ ಕೂತಿದೆ. ನಳಿಗೆಯ ಮೇಲಿನ ಪಟ್ಟಿ ಇಳಿಜಾರು ರಸ್ತೆಯ ಹಾಗೆ ಪೂರ್ತಿ ಕಂಡರೆ ಈಡು ಮೇಲೆ ಹೋಗುತ್ತದೆ. ಮೂಗಿಗೂ ಹಿಡಿದ ಹೆಬ್ಬೆರಳಿಗೂ ನಡುವೆ ಎರಡು ಮೂರು ಬೆರಳು ಜಾಗ ಇರಲಿ. ಬಹಳಷ್ಟು ಹೊಸ ಸೆಮಿ ಆಟೊಗಳ ಜೊತೆ ಹಿಡಿಗೂ ಪೆಟ್ಟಿಗೆಗೂ ನಡುವೆ ಇಡುವ ತೆಳು ಬಿಲ್ಲೆಗಳು ಬರುತ್ತವೆ. ಅವನ್ನು ಬದಲಿಸಿ ಹಿಡಿಯನ್ನು ಏರಿಸಬಹುದು, ಇಳಿಸಬಹುದು, ಎಡ ಬಲಕ್ಕೆ ಓರೆ ಮಾಡಬಹುದು. ಹಲವರು ಆ ಪೊಟ್ಟಣ ಬಿಚ್ಚುವುದೇ ಇಲ್ಲ. ಎಡಗೈಯವರು ಬಲಗೈ ಕೋವಿ ಕೊಂಡರೆ ಖಾಲಿ ತೋಟಾ ಮುಖದ ಮುಂದೆಯೇ ಹಾರುತ್ತದೆ, ಎಡಗೈ ಮಾದರಿ ಕೇಳಿ ಪಡೆಯಬೇಕು.

ಕೆಡುವ ಬಗೆ ಹೇಳದೆ ಕೋವಿ ಆರಿಸುವ ಮಾತು ಪೂರ್ತಿಯಾಗದು. ಇನರ್ಷಿಯಾ ಕೋವಿಯ ಪ್ರಸಿದ್ಧ ರೋಗವೆಂದರೆ ಬಾತು ತಲೆಯ ಮೇಲಿರುವಾಗ ಬರೀ ಟಿಕ್ ಎಂಬ ಸದ್ದು. ಬೋಲ್ಟಿನ ತಲೆ ತಿರುಗಿ ಪೂರ್ತಿ ಬೀಗ ಬಿದ್ದಿರುವುದಿಲ್ಲ. ಸದ್ದಾಗದಿರಲೆಂದು ಬೋಲ್ಟನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಬಿಟ್ಟಾಗ, ಅಥವಾ ದೋಣಿಯ ಅಂಚಿಗೆ ತಾಗಿ ಬೋಲ್ಟ್ ತುಸು ಹಿಂದೆ ಸರಿದಾಗ ಹೀಗಾಗುತ್ತದೆ. ಬೋಲ್ಟನ್ನು ಪೂರ್ತಿ ಎಳೆದು ಕೈ ಬಿಡಬೇಕು, ಆಮೇಲೆ ಹಿಡಿಕೆಯನ್ನು ಅಂಗೈಯಿಂದ ಮುಂದಕ್ಕೊಮ್ಮೆ ಒತ್ತಿ ನೋಡಬೇಕು. ಹೊಸ ಮಾದರಿಗಳಲ್ಲಿ ಇದಕ್ಕೆ ತಡೆ ಇಟ್ಟಿದ್ದಾರೆ. ಇನರ್ಷಿಯಾಕ್ಕೆ ಕೋವಿ ಹಿಂದಕ್ಕೆ ಜಿಗಿಯಲೇಬೇಕು. ಮರಕ್ಕೆ ಬಿಗಿಯಾಗಿ ಆನಿಸಿ ಹೊಡೆದರೂ, ಮೇಲೆ ಭಾರದ ಸಾಮಾನು ಕಟ್ಟಿದರೂ ಹಗುರ ತೋಟಾದಲ್ಲಿ ಬೋಲ್ಟ್ ಅರ್ಧಕ್ಕೇ ನಿಲ್ಲುತ್ತದೆ. ಟರ್ಕಿಗೆಂದು ರೆಡ್ ಡಾಟ್ (ಕೆಂಪು ಚುಕ್ಕಿ ತೋರಿಸುವ ಗುರಿಯ ಸಾಧನ) ಹಾಕುವವರು ಹಗುರದ್ದನ್ನೇ ಹಾಕಲಿ.

ಗ್ಯಾಸಿನ ಕೋವಿ ನಿಲ್ಲುವುದು ಮಸಿಯಿಂದ. ಪಿಸ್ಟನ್ನಿನ ಮೇಲೆ, ನಳಿಗೆಯ ತೂತಿನಲ್ಲಿ ಮಸಿ ಗಟ್ಟಿಯಾದಂತೆ ಬಲ ಕುಂದುತ್ತದೆ. ರೆಮಿಂಗ್ಟನ್ 1100ರಲ್ಲಿ ಒಂದು ರಬ್ಬರ್ ಉಂಗುರ ಇದೆ, ಅದು ಹರಿದರೆ ಗ್ಯಾಸ್ ಸೋರಿ ಕೋವಿ ಒಂಟಿ ಈಡಿನದಾಗುತ್ತದೆ. ಬೆಲೆ ಪುಡಿಗಾಸು, ಚೀಲದಲ್ಲಿ ಎರಡು ಇರಲಿ. ಈ ಮಾದರಿಯ ಹಳೆಯ ಕೋವಿ ಕೊಳ್ಳುವವರು ನಳಿಗೆ 2¾ ಇಂಚಿನದೋ 3 ಇಂಚಿನ ಮ್ಯಾಗ್ನಮ್ಮಿನದೋ ಎಂದು ಓದಿ ಕೊಳ್ಳಬೇಕು. ಮ್ಯಾಗ್ನಮ್ಮಿನ ತೂತಿನ ಅಳತೆ ಬೇರೆ, ಹಗುರ ತೋಟಾದಲ್ಲಿ ಓಡುವುದಿಲ್ಲ.

ಎರಡೂ ಬಗೆಗೆ ಶತ್ರು ಎಣ್ಣೆಯ ಅತಿ. ಡಿಸೆಂಬರ್ ಬೆಳಿಗ್ಗೆ ಶಿರಸಿಯಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಕಲ್ಲಾಗುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಅಲ್ಲಿಯ ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ದಪ್ಪ ಎಣ್ಣೆ ಅಂಟಾಗಿ ಬೋಲ್ಟ್ ತೂಕಡಿಸುತ್ತದೆ. ತೆಳು ಎಣ್ಣೆ, ಒರೆಸಿದ ಮೇಲೆ ಉಳಿಯುವಷ್ಟೇ ಸಾಕು. ಹಲವು ಕೋವಿಗಳಲ್ಲಿ ಬೋಲ್ಟನ್ನು ಮುಂದೆ ತಳ್ಳುವ ಸ್ಪ್ರಿಂಗ್ ಹಿಂಬದಿಯ ಹಿಡಿಯೊಳಗಿನ ಕೊಳವೆಯಲ್ಲಿರುತ್ತದೆ. ನೀರು ಅಲ್ಲಿಗಿಳಿದು ಒಳಗೇ ತುಕ್ಕು ಹಿಡಿಯುತ್ತದೆ, ಹೊರಗಿನಿಂದ ಗೊತ್ತಾಗದು. ವರ್ಷಕ್ಕೊಮ್ಮೆ ಹಿಡಿ ಬಿಚ್ಚಿ ನೋಡಲೇಬೇಕು. ಫ್ರಾಂಕಿ ಅಫಿನಿಟಿಯಂಥ ಕೆಲವದರಲ್ಲಿ ಈ ಸ್ಪ್ರಿಂಗನ್ನು ಮುಂದೆ, ತೋಟಾ ತುಂಬುವ ಕೊಳವೆಯ ಸುತ್ತ ಇಟ್ಟಿದ್ದಾರೆ, ಒರೆಸಲು ಸುಲಭ. ಉಪ್ಪುನೀರಿನ ಅಳಿವೆಯಲ್ಲಿ ಹೊಡೆಯುವವರು ಕಾರವಾರ, ತದಡಿಯ ದೋಣಿಯವರು ಔಟ್‌ಬೋರ್ಡ್ ಎಂಜಿನ್ನಿಗೆ ಸಿಹಿನೀರು ಬಿಡುವ ಹಾಗೆ ಅದೇ ಸಂಜೆ ನಳಿಗೆ, ಬೋಲ್ಟ್ ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಬೇಕು. ಒದ್ದೆ ಕೋವಿಯನ್ನು ಬಟ್ಟೆಯ ಚೀಲದಲ್ಲಿ ಮುಚ್ಚಿಡಬಾರದು. ಇದು ನಮ್ಮೂರಿನ ಮಳೆಗಾಲದಲ್ಲಿ ಜೋಡು ನಳಿಗೆಗೂ ಅನ್ವಯ.

ಅಗ್ಗದ ತೋಟಾದ ಹಿಂಬದಿ ಹಿತ್ತಾಳೆಯಲ್ಲ, ಹಿತ್ತಾಳೆ ಬಣ್ಣದ ಉಕ್ಕು. ಹಾರಿದಾಗ ಉಬ್ಬಿ ಗೂಡಿಗೆ ಕಚ್ಚುತ್ತದೆ. ಗೂಡು ಒರಟಾಗಿದ್ದರೆ ಖಾಲಿ ತೋಟಾ ಎಳೆಯುವ ಕೊಕ್ಕೆ ಅದರ ಅಂಚನ್ನು ಹರಿದುಬಿಡುತ್ತದೆ. ತೋಟಾದ ದೋಷಕ್ಕೆ ಕೋವಿ ಮಾರಿದವರುಂಟು.

ಕಾನೂನಿನ ವಿಷಯ ಲೇಖಕರು ಮುಟ್ಟೇ ಇಲ್ಲ. ಅಮೆರಿಕದಲ್ಲಿ ಎಚ್-1ಬಿ, ಎಫ್-1ನಂಥ ತಾತ್ಕಾಲಿಕ ವೀಸಾದಲ್ಲಿರುವವರು ಕೋವಿ ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ. ಕಾನೂನಿನಲ್ಲಿರುವ ವಿನಾಯಿತಿಗಳಲ್ಲಿ ಒಂದು, ಅಲ್ಲಿಯ ರಾಜ್ಯವೊಂದು ಕೊಟ್ಟ ಚಾಲ್ತಿಯಲ್ಲಿರುವ ಶಿಕಾರಿ ಪರವಾನಗಿ. ಅದರ ಅವಧಿ ಮುಗಿದರೆ ವಿನಾಯಿತಿಯೂ ಮುಗಿಯಿತು, ಕೋವಿ ಮಾತ್ರ ಮನೆಯಲ್ಲೇ ಇರುತ್ತದೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಬಾತಿಗೆ ಹೋಗುವ, 16 ವರ್ಷ ತುಂಬಿದವರಿಗೆ ರಾಜ್ಯದ ಪರವಾನಗಿಯ ಮೇಲೆ 25 ಡಾಲರಿನ ಫೆಡರಲ್ ಡಕ್ ಸ್ಟ್ಯಾಂಪ್ ಎಂಬ ಅನುಮತಿ ಚೀಟಿ ಬೇಕು. ಕೋವಿಯಲ್ಲಿ ಒಟ್ಟು ಮೂರೇ ತೋಟಾ ಹಿಡಿಯಬೇಕು, ಗೂಡಿನಲ್ಲಿ ಒಂದು, ತೋಟಾ ತುಂಬುವ ಕೊಳವೆಯಲ್ಲಿ ಎರಡು. ಅದಕ್ಕೆ ಕೊಳವೆಯೊಳಗೆ ಕೋವಿ ಬಿಚ್ಚದೆ ತೆಗೆಯಲಾಗದ ಒಂದೇ ತುಂಡಿನ ಕಡ್ಡಿ ಇರಬೇಕು. ತಪಾಸಣೆಗೆ ಬಂದ ಅಧಿಕಾರಿ ಮೂರನೆಯದನ್ನು ಕೊಳವೆಗೆ ತುರುಕಿ ನೋಡುತ್ತಾರೆ, ನೀವೂ ಮೊದಲೇ ಡಮ್ಮಿ ತೋಟಾದಲ್ಲಿ ನೋಡಿಕೊಳ್ಳಿ. ಇನ್ನೊಂದು ಬಲೆ: ಬಾತಿನ ಶಿಕಾರಿಯಲ್ಲಿ ಸೀಸದ ತೋಟಾ ಹೊಡೆಯುವುದಷ್ಟೇ ಅಲ್ಲ, ಜೇಬಿನಲ್ಲಿ ಇದ್ದರೂ ತಪ್ಪು. ವಸಂತದಲ್ಲಿ ಟರ್ಕಿಗೆಂದು ಹಾಕಿಕೊಂಡ ಜಾಕೆಟ್ಟಿನ ಮೂಲೆಯಲ್ಲಿ ಉಳಿದ ಒಂದು ಸೀಸದ ತೋಟಾ ನವೆಂಬರಿನಲ್ಲಿ ದಂಡ ತರುತ್ತದೆ. ಟರ್ಕಿಗೆ ಫೆಡರಲ್ ಸೀಸ ನಿಷೇಧ ಅನ್ವಯಿಸದು, ರಾಜ್ಯಗಳ ನಿಯಮ ಬೇರೆ ಬೇರೆ.

ಟರ್ಕಿ ಕಾಡಿನಲ್ಲಿ ಕೆಂಪು, ಬಿಳಿ, ನೀಲಿ ಬಣ್ಣದ ಯಾವುದನ್ನೂ, ಕರವಸ್ತ್ರವನ್ನೂ, ಹೊರಗೆ ಕಾಣಿಸಬೇಡಿ. ಗಂಡು ಟರ್ಕಿಯ ತಲೆಯ ಬಣ್ಣ ಇವೇ, ಪೊದೆಯಾಚೆ ಇನ್ನೊಬ್ಬ ಶಿಕಾರಿಯವ ಅದೇ ಬಣ್ಣ ಹುಡುಕುತ್ತ ಕೂತಿರುತ್ತಾನೆ. ಆಮಿಷದ ಬೊಂಬೆಯನ್ನೂ ಚೀಲದಲ್ಲಿ ಮುಚ್ಚಿ ಒಯ್ಯಬೇಕು.

ಬೋರಿನ ಕುರಿತ ಆ ತಪ್ಪಿಗೆ ದಯವಿಟ್ಟು ಮುಂದಿನ ಭಾನುವಾರವೇ ತಿದ್ದುಪಡಿ ಹಾಕಿ, ಲೇಖನ ಬಂದ ಪುಟದಲ್ಲೇ, ಅದೇ ಗಾತ್ರದ ಅಕ್ಷರದಲ್ಲಿ. ಪುರವಣಿಯ ತುಣುಕು ಕತ್ತರಿಸಿ ಮೊಬೈಲಿನಲ್ಲಿ ಮಗನಿಗೆ ಕಳಿಸಿದ ಅಪ್ಪಂದಿರು ತಿದ್ದುಪಡಿಯನ್ನೂ ಕಳಿಸುವಂತಾಗಲಿ.

ಇತಿ,
ನಿಮ್ಮ ಓದುಗ
ಶಿರಸಿ